ಕುವೈತದಾಗ ತೀರಿದ ತಮ್ಮ, ನಾ ಕಟ್ ಮಾಡಿದ ಫೋನು

ಸಂಘದ ಅಕ್ಕಗೋಳಿಗೆಲ್ಲಾ ಶರಣ್ರಿ. ನಾನು ಸಕ್ಕುಬಾಯಿ, ರಾಯಬಾಗ ತಾಲೂಕಿನ ಅಲಖನೂರಾಕಿ. ಕುರಿ ಕಾಯಾವರ ಮನಿಯಾಕಿ. ಊರಾಗ ನನಗ ಸಂಶೇದ ಸಕ್ಕುಬಾಯಿ ಅಂತಾರ. ಅನ್ಲಿ ಬಿಡ್ರಿ. ಸಂತ್ಯಾಗ ಕುರಿ ತಗೋಬೇಕಂದ್ರ ಅದರ ಬಾಯಿ ತೆಗದು ಹಲ್ಲ ಎಣಿಸದ ನಾ ಮಾತ ಮುಗಸೂದಿಲ್ಲ. ಮಾರಾವ ನನ್ನ ಸ್ವಂತ ಸೋದರಮಾವ ಆಗಿದ್ರೂ ಅಷ್ಟ.

ಈಗಿನ ಕಾಲದಾಗ ಸಂಶೆ ಇಲ್ದ ಬದುಕಾಕ ಆಗತೈತೇನ್ರಿ? ನಮ್ಮ ಸಂಘದ ಗಂಗಾಗ ಯಾವನೋ ಫೋನ್ ಹಚ್ಚಿ, "ನಿಮ್ಮ ಪಿಂಚಣಿ ಬಂದ್ ಆಗತೈತಿ, ಒಟಿಪಿ ಹೇಳ್ರಿ" ಅಂದ. ಪಾಪ, ಹೇಳಿದ್ಲು. ಕೂಡಿಟ್ಟ ಪಿಂಚಣಿ ಒಂದ ನಿಮಿಷದಾಗ ಸ್ವಾಹಾ! ಅವತ್ತಿಂದ ಗುರ್ತಿಲ್ಲದ ನಂಬರ ಬಂತಂದ್ರ ನಾ ಮೊದಲ ಬೈತೀನಿ, ಆಮ್ಯಾಲ ಕಟ್ ಮಾಡ್ತೀನಿ.

ನನ್ನ ತಮ್ಮ ಅಮೋಘಸಿದ್ದ ಎರಡ ವರ್ಷದ ಹಿಂದ ಕುವೈತಕ್ಕ ಹೋಗಿದ್ದ. ಅಲ್ಲೂ ಕುರಿ ಕಾಯೂದ ಕೆಲಸ. ವಾರಕ್ಕೊಮ್ಮೆ ವಾಟ್ಸಾಪಿನಾಗ ಕುರಿ ಫೋಟೋ ಕಳಸಿ, "ಅಕ್ಕಾ, ಇವುಗೋಳ ಬಾಲ ಎಷ್ಟ ದಪ್ಪ ಅದಾವ ನೋಡ" ಅಂತಿದ್ದ. ಇಲ್ಲಿ ಅವನ ಹೇಣ್ತಿ ಕೋಮಲ, ನಾಕ ವರ್ಷದ ಮಗಾ ನನ್ನ ಕೂಡ ಇದ್ರು.

ಜೂನ್ ತಿಂಗಳ ಒಂದ ಬುಧವಾರ ಭಾವುಸಾಹೇಬ ಮನಿಗೆ ಬಂದ. ಇವ ನಿಪ್ಪಾಣಿ ಕಡೆ ಏಜೆಂಟ, ಅರ್ಧಾ ಮರಾಠಿ ಮಾತಾಡ್ತಾನ, ತಮ್ಮನ್ನ ಕುವೈತಕ್ಕ ಕಳಿಸಿದಾವ ಇವನ. ಚಪ್ಪಲಿ ಸೈತ ಕಳೀಲಿಲ್ಲ, ಅಂಗಳದಾಗ ನಿಂತ, "ಲಯಿ ವಾಈಟ ಝಾಲ ತಾಯಿ, ಬಾಳ ಕೆಟ್ಟಾತು. ಅಮೋಘಸಿದ್ದ ಹೋದ. ಬಿಸಲಾಗ ಎದಿನೋವು ಬಂದು ಕೂತಲ್ಲೇ ಹೋದ" ಅಂದ.

ಕೋಮಲ ಅಲ್ಲೇ ಕುಸದ್ಲು. ನಾ ಅಷ್ಟರಾಗೂ, "ಖರೇನ? ಯಾರ ನೋಡ್ಯಾರ?" ಅಂತ ಕೇಳಿದ್ನಿ. ಅವ ಮೊಬೈಲನಾಗ ಫೋಟೋ ತೋರಿಸಿದ. ದವಾಖಾನಿ ಮಂಚದ ಮ್ಯಾಲ ನನ್ನ ತಮ್ಮ, ಕಣ್ಣ ಮುಚ್ಚಿದ್ದ.

"ಹೆಣಾ ತರಾಕ ವಿಮಾನಕ್ಕ ಎರಡ ಲಕ್ಷ ಬೇಕ ಅಕ್ಕಾ. ಸೋಮವಾರದೊಳಗ ಕೊಡ್ರಿ. ಕೋಮಲ ಇಲ್ಲೊಂದ ಸಹಿ ಹಾಕ್ಲಿ, ಉಳದದ್ದ ನಾ ನೋಡ್ಕೋತೀನಿ" ಅಂತ ಒಂದ ಕಾಗದ ತೆಗದ. ಮ್ಯಾಲ ಅರಬ್ಬಿ, ಕೆಳಗ ಇಂಗ್ಲಿಷು. ಮಂದಿ ಕೂಡಿದ್ರು, ಅಳು ಏರಿತ್ತು, ಸಹಿ ಮಾಡೂವಷ್ಟ ಎಚ್ಚರ ಕೋಮಲಗ ಇರ್ಲಿಲ್ಲ. "ಶುಕ್ರವಾರ ಬರ್ತೀನಿ" ಅಂತ ಹ್ವಾದ.

ಅವತ್ತ ಸಂಜೀಕ ನನ್ನ ಫೋನಿಗೆ ಪರದೇಶದ ನಂಬರ ಬಂತು. ಹಿಂದಿಯಾಗ ಯಾವನೋ, "ಮೈ ಇಂಡಿಯನ್ ಎಂಬೆಸಿ ಸೇ ಬೋಲ್ ರಹಾ ಹೂಂ" ಅಂದ. ಕಟ್. ಮರದಿನ ಮತ್ತ ಬಂತು. "ಮಾಜೀ, ಪೈಸಾ ನಹೀ ಚಾಹಿಯೇ, ಘರವಾಲೋಂ ಕೀ ಏಕ್ ಚಿಟ್ಠೀ ಚಾಹಿಯೇ." ರೊಕ್ಕಾ ಬ್ಯಾಡಂತ, ಮನಿಯವರದೊಂದ ಪತ್ರ ಬೇಕಂತ! ರೊಕ್ಕಾ ಬ್ಯಾಡ ಅಂದಕೂಡ್ಲೆ ನನ್ನ ಸಂಶೆ ಎರಡಪಟ್ಟ ಆತು. ಬದುಕಿದ್ದಾಗ ನಮ್ಮ ಓಣಿಗೆ ಒಂದ ಗಟಾರ ಮಾಡಿಕೊಡಲಾರದ ಸರ್ಕಾರ, ಸತ್ತ ಮ್ಯಾಲ ವಿಮಾನ ಕಳಸತೈತೇನು? ಅದೂ ಕಟ್. ಮೂರನೇ ಸಲಾ ಬಂದಾಗ, "ಸತ್ತಾವನ ಹೆಸರ ಮ್ಯಾಲ ಲೂಟಿ ಮಾಡಾಕ ಬಂದೀ ಏನಲೇ ಭಾಡ್ಯಾ!" ಅಂತ ಉಗದು ನಂಬರ ಬ್ಲಾಕ್ ಮಾಡಿಸಿದ್ನಿ. ಏನ ಶಾಣ್ಯಾತನ ಅಂತೀರಿ ನಂದು!

ಶುಕ್ರವಾರ ಮುಂಜಾನೆ ಭಾವುಸಾಹೇಬ ಬಂದ. ಕೋಮಲ ಪೆನ್ ಹಿಡದ್ಲು. "ಕುರಿ ಎಲ್ಲಾ ಮಾರೂಣು ಅಕ್ಕಾ. ನನ್ನ ಮಗಾ ಅವರಪ್ಪನ ಮುಖಾ ಒಮ್ಮೆ ನೋಡ್ಲಿ" ಅಂದ್ಲು.

"ತಡಿ ಬೇ" ಅಂದ್ನಿ. "ಭಾವುಸಾಹೇಬ, ಕಾಗದ ಬಿಟ್ಟ ಹೋಗ್ರಿ. ಓದಿಸಿ ನಾಳೆ ಕೊಡ್ತೀವಿ."

"ಒರಿಜಿನಲ್ ಆಹೇ ತಾಯಿ, ಬಿಡಾಕ ಬರೂದಿಲ್ಲ. ಲಗೂ ಮಾಡ್ರಿ, ಹೆಣಾ ಕೆಡತೈತಿ."

ಬಾಯಿ ತೆಗ್ಯಾಕ ಬಿಡಲಾರದ ಕುರಿ ನಾ ತಗೊಂಡಾಕಿ ಅಲ್ಲ. ಕೋಮಲನ ಮೊಬೈಲ್ ಇಸಕೊಂಡ ಆ ಕಾಗದದ ಫೋಟೋ ಹೊಡದ ಬಿಟ್ನಿ. ಅವನ ಮುಖಾ ಕಪ್ಪ ಆತು. "ವಿಶ್ವಾಸ ನಾಹೀ ಕಾ ತುಮಾಲಾ?" ಅಂದ. "ವಿಶ್ವಾಸ ಇಲ್ಲಪಾ, ಯಾರ ಮ್ಯಾಲೂ ಇಲ್ಲ" ಅಂದ್ನಿ. ಅವ ಕಾಗದ ಮಡಚಿಕೊಂಡ, "ಸಂಜೀಕ ಫೋನ್ ಮಾಡ್ತೀನಿ" ಅಂತ ಹ್ವಾದ.

ಕೋಮಲನ್ನ ಕರಕೊಂಡ ಹಾರೂಗೇರಿ ಬಸ್ ಹತ್ತಿದ್ನಿ. ಅಲ್ಲಿ ತ್ರಿಶಲಾ ಅಂತ ಜೈನರ ಹುಡುಗಿ ಐತಿ, ಗೊಬ್ಬರದ ಅಂಗಡಿ ಬಾಜೂಕ ಅರ್ಜಿ ತುಂಬೂ ಸೆಂಟರ್ ಇಟ್ಟಾಳ. ಫೋಟೋ ದೊಡ್ಡದ ಮಾಡಿ ಓದಿದ್ಲು. ಮತ್ತೊಮ್ಮೆ ಓದಿದ್ಲು.

"ಅರಬ್ಬಿ ನನಗ ಬರೂದಿಲ್ರಿ. ಇಂಗ್ಲಿಷಿನಾಗ ವಿಮಾನದ ಸುದ್ದೀನ ಇಲ್ಲ. 'ಹೆಣಾ ಅಲ್ಲೇ ಮಣ್ಣ ಮಾಡ್ರಿ, ನಮ್ಮ ಒಪ್ಪಿಗಿ ಐತಿ. ಮಾಲಕನಿಂದ ನಮಗ ಬರಬೇಕಾದ್ದ ಏನೂ ಇಲ್ಲ' ಅಂತ ಐತಿ."

ಕೋಮಲ ನನ್ನ ಕೈ ಗಟ್ಟಿ ಹಿಡಕೊಂಡ್ಲು. ಮುಂಜಾನೆ ಇದ ಕಾಗದದ ಮ್ಯಾಲ ಆಕಿ ಪೆನ್ ಇಟ್ಟಿದ್ಲಲ್ರಿ!

ನಾ ತ್ರಿಶಲಾಗೂ ಬಿಡ್ಲಿಲ್ಲ. "ನೀ ಓದಿದ್ದ ಖರೇನ? ಇದ್ರಾಗ ನಿನ್ನ ಕಮಿಷನ್ ಎಷ್ಟವಾ?"

"ಪ್ರಿಂಟಿಗೆ ಹತ್ತ ರೂಪಾಯಿ ಅಕ್ಕಾರ" ಅಂದ್ಲು, ಸಿಟ್ಟ ಮಾಡ್ಕೋಲಿಲ್ಲ. "ನನ್ನ ಮಾತ ನಂಬಬ್ಯಾಡ್ರಿ, ನೀವ ತಾಳೆ ನೋಡ್ರಿ. ಎಂಬೆಸಿಯಿಂದ ಫೋನೇನರ ಬಂದಿತ್ತೇನು?"

ಬ್ಲಾಕ್ ಮಾಡಿದ ನಂಬರ ತೋರಿಸಿದ್ನಿ. ಆಕಿ ಕುವೈತದಾಗಿನ ನಮ್ಮ ದೇಶದ ರಾಯಭಾರ ಕಚೇರಿ ಸರ್ಕಾರಿ ವೆಬ್‌ಸೈಟ್ ತೆಗದ್ಲು. ಒಂದೊಂದ ಅಂಕಿ ಬೆರಳ ಇಟ್ಟ ನೋಡಿದ್ನಿ. ಅದ ನಂಬರ. ನಾ ಭಾಡ್ಯಾ ಅಂತ ಬೈದಾವ ಖರೇ ಎಂಬೆಸಿಯಾವ.

"ಆದ್ರೂ ಪುಕ್ಕಟೆ ಯಾಕ ಮಾಡ್ತಾರವಾ?" ಅಂತ ಕೇಳಿದ್ನಿ.

ತ್ರಿಶಲಾ ಕುರ್ಚಿ ಹತ್ರ ಎಳಕೊಂಡ್ಲು. "ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ ಐತ್ರಿ. ಅದು ರಾಯಭಾರ ಕಚೇರಿ ಕೈಯಾಗ ಇರತೈತಿ. ಪರದೇಶದಾಗ ಇರಾವ್ರು ಅಲ್ಲಿ ಪಾಸ್‌ಪೋರ್ಟ್ ಅದು ಇದು ಮಾಡಸ್ವಾಗ ಕೊಟ್ಟ ಸಣ್ಣ ಸಣ್ಣ ಫೀ ಕೂಡಿ ಆದ ನಿಧಿ. ಅಂದ್ರ ನಿಮ್ಮ ತಮ್ಮನಂಥಾವರದ ರೊಕ್ಕಾ. ದುಡ್ಯಾಕ ಹೋದಾವ ತೀರಕೊಂಡ್ರ ಮೊದಲ ಮಾಲಕನ್ನ ಕೇಳ್ತಾರ. ಅವ ಒಲ್ಲೆ ಅಂದು, ವಿಮೆನೂ ಇಲ್ದ, ಮನಿಯವರಿಗೆ ತಾಕತ್ತ ಇಲ್ಲಂದ್ರ ಈ ನಿಧಿಯಿಂದ ಊರಿಗೆ ಕಳಸ್ತಾರ."

"ಎಲ್ಲಾರಿಗೂ?"

"ಗ್ಯಾರಂಟಿ ನಾ ಹೇಳೂದಿಲ್ಲ. ಪರಿಸ್ಥಿತಿ ನೋಡಿ ಕೊಡ್ತಾರ. ಕೇಳದಿದ್ರ ಮಾತ್ರ ಸಿಗೂದಿಲ್ಲ."

ಅಲ್ಲಿಂದನ ಫೋನ್ ಹಚ್ಚಿದ್ವಿ. ಸಾಹೇಬ ನಾ ಬೈದದ್ದ ಎತ್ತಲಿಲ್ಲ. ನಾ ಮೂರ ಸಲಾ "ಕಿತನಾ ಪೈಸಾ?" ಅಂತ ಕೇಳಿದ್ನಿ, ಮೂರೂ ಸಲಾ "ಕುಛ್ ನಹೀ ಮಾಜೀ" ಅಂದ. ಪಾಸ್‌ಪೋರ್ಟ್ ನಂಬರ ಅವನ ಹೇಳಿದ, ಕೋಮಲ ತಂದಿದ್ದ ಝೆರಾಕ್ಸಿಗೆ ಹಚ್ಚಿ ನೋಡಿದ್ಲು, ತಪ್ಪಲಿಲ್ಲ. ಆಮ್ಯಾಲ ಅವ ಅಲ್ಲಿ ಸುದ್ದಿ ಹೇಳಿದ. ಮಾಲಕ ಟಿಕೆಟ್ ಕೊಡೂದಿಲ್ಲ ಅಂದಾನಂತ. ಮನಿಯವರ ಉತ್ತರ ಬರಲಿಲ್ಲಂದ್ರ ಅಲ್ಲೇ ಮಣ್ಣ ಮಾಡೂ ಮಾತ ನಡದಿತ್ತಂತ. ಉತ್ತರ ಕೇಳಾಕ ಅವ ಮೂರ ಸಲಾ ಫೋನ್ ಮಾಡಿದ್ದ.

ಕೋಮಲ ತಾನ ಕನ್ನಡದಾಗ ಬರದ್ಲು: "ನನ್ನ ಗಂಡನ್ನ ಊರಿಗೆ ಕಳಿಸಿಕೊಡ್ರಿ. ನಮ್ಮ ಕಡೆ ಖರ್ಚು ಮಾಡೂ ಶಕ್ತಿ ಇಲ್ಲ." ತ್ರಿಶಲಾ ಅದನ್ನ ಇಂಗ್ಲಿಷಿಗೆ ಮಾಡಿ, ತಿರಗಿ ಕನ್ನಡದಾಗ ಓದಿ ಹೇಳಿದ ಮ್ಯಾಲ ಸಹಿ ಬಿತ್ತು. ಪಾಸ್‌ಪೋರ್ಟ್ ಝೆರಾಕ್ಸು, ಆಧಾರು ಕೂಡಿಸಿ ಕಳಿಸಿದ್ವಿ. ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್‌ನಾಗೂ ಅರ್ಜಿ ಹಾಕಿದ್ಲು. ಬ್ಯಾಂಕಿನ ನಂಬರ ಯಾರೂ ಕೇಳಲಿಲ್ಲ.

ಸಂಜೀಕ ಭಾವುಸಾಹೇಬನ ಫೋನು. "ಸಹಿಗೆ ಯಾವಾಗ ಬರ್ಲಿ ತಾಯಿ?"

"ಠಾಣಾಕ ಬರ್ರಿ, ಫೌಜದಾರನ ಮುಂದ ಕೂತ ಆ ಕಾಗದ ಓದೂಣು" ಅಂದ್ನಿ. ಅವನ ಫೋನ್ ಇವತ್ತಿಗೂ ಬಂದ್ ಐತಿ. ನಾವು ಫಿರ್ಯಾದಿ ಕೊಟ್ಟೀವಿ.

ಹನ್ನೆರಡನೇ ದಿನಕ್ಕ ತಮ್ಮ ಮುಂಬೈಗೆ ಬಂದ. ವಿಮಾನದ ಖರ್ಚು ನಿಧಿಯಿಂದ ಆತು. ಅಲ್ಲಿಂದ ಊರಿಗೆ ಗಾಡಿ ನಮ್ಮ ಸಂಘದವರ ಹಿಡದ್ರು. ಪೆಟ್ಟಿಗಿ ಅಂಗಳದಾಗ ಇಳಿಸಿದಾಗ, "ತೆಗೀರಿ, ನಾ ನೋಡಬೇಕ" ಅಂದ್ನಿ. "ಇನ್ನೂ ಸಂಶೇನ ಯವ್ವಾ?" ಅಂತ ಹಿರೇರು ಬೈದ್ರು. ತೆಗದ್ರು.

ನನ್ನ ತಮ್ಮನ. ಕೋಮಲ ಅವನ ಹಣಿಗೆ ದೇವರ ಭಂಡಾರ ಹಚ್ಚಿದ್ಲು, ಮಗನ್ನ ಎತ್ತಿ ಮುಖಾ ತೋರಿಸಿದ್ಲು. ಹುಡುಗ, "ಅಪ್ಪಾ ಮಲಗ್ಯಾನ" ಅಂತ. ನಾ ಪೆಟ್ಟಿಗಿ ಮ್ಯಾಲ ಬಿದ್ದು, "ತಮ್ಮಾ, ನಿನ್ನ ಮನಿಗೆ ಕಳಸ್ತೀನಿ ಅಂದಾವನ ಫೋನ್ ನಾ ಮೂರ ಸಲಾ ಕಟ್ ಮಾಡಿದ್ನೋ" ಅಂತ ಅತ್ನಿ.

ಅಕ್ಕಗೋಳ್ಯಾ, ಸಂಶೆ ಬಿಡ್ರಿ ಅಂತ ನಾ ಹೇಳೂದಿಲ್ಲ. ಸಂಶೆ ಪಡ್ರಿ, ಆದ್ರ ಸಂಶೆ ಪಟ್ಟ ಸುಮ್ನ ಕೂಡಬ್ಯಾಡ್ರಿ. ಎದ್ದ ಹೋಗಿ ವಿಚಾರ ಮಾಡ್ರಿ. ರಾಯಭಾರ ಕಚೇರಿ ನಂಬರ ಸರ್ಕಾರಿ ವೆಬ್‌ಸೈಟಿನಾಗಿಂದ ತಗೋರಿ, ವಾಟ್ಸಾಪಿನಾಗ ಬಂದದ್ದ ನಂಬಬ್ಯಾಡ್ರಿ. ಓದಲಾರದ ಕಾಗದಕ್ಕ ಸಹಿ ಹಾಕಬ್ಯಾಡ್ರಿ, ದುಃಖದಾಗ ಇದ್ದಾಗಂತೂ ಹಾಕಬ್ಯಾಡ್ರಿ. ಸರ್ಕಾರದ ಹೆಸರಲೆ ಯಾರರ ರೊಕ್ಕಾ ಕೇಳಿದ್ರ ಠಾಣಾಕ ಹೋಗ್ರಿ.

ಮತ್ತ ಚಿಕ್ಕೋಡಿ, ಅಥಣಿ, ಕಾಗವಾಡ, ಎಲ್ಲೇ ಇರ್ರಿ, ನಿಮ್ಮ ಮನ್ಯಾಗಿಂದ ಯಾರರ ಪರದೇಶದಾಗ ದುಡ್ಯಾಕತ್ತಿದ್ರ ಇವತ್ತ ಅವರಿಗೆ ಫೋನ್ ಹಚ್ಚರಿ. ಪಾಸ್‌ಪೋರ್ಟಿಂದ, ವೀಸಾದ್ದ ಫೋಟೋ ಕಳಸಂತ ಹೇಳ್ರಿ. ಮಾಲಕನ ಹೆಸರೇನು, ವಿಮೆ ಐತೇನು, ಅಲ್ಲಿ ಬಾಜೂಕ ಇರಾವನ ನಂಬರ ಎಷ್ಟು, ಕೇಳಿ ಬರದಿಡ್ರಿ. ಬದುಕಿದ್ದಾವಗ ಇಂಥಾದ್ದ ಕೇಳೂದು ಅಪಶಕುನ ಅಂತ ನಿಮಗ ಅನಸ್ತೈತಿ. ನನಗೂ ಅನಿಸಿತ್ತು, ಅದಕ್ಕ ನಾ ಕೇಳಿರ್ಲಿಲ್ಲ. ನೀವ ಕೇಳ್ರಿ.