ಬಲಗಡೆಯ ಮುಂದಿನ ಟೈರು

ಸ್ಪಾಸಿಮಿರ್ ಮೇಷ್ಟ್ರು ನನ್ನ ಗ್ಯಾರೇಜಿಗೆ ಬಂದದ್ದು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಅಷ್ಟರಲ್ಲಿ ಊರಿನ ಇನ್ನೆರಡು ಗ್ಯಾರೇಜುಗಳಲ್ಲಿ ಅವರ ಜಗಳ ಮುಗಿದಿತ್ತು. ನನ್ನನ್ನು ಕೊನೆಗೆ ಇಟ್ಟುಕೊಂಡದ್ದು ನಾನು ಹೆಂಗಸು ಅಂತಲೋ, ಹಳೆಯದು ನೆನಪಾಗಿಯೋ, ನಾನು ಕೇಳಲಿಲ್ಲ. ಇಪ್ಪತ್ತೆಂಟು ವರ್ಷ ಅವರು ನಮ್ಮ ಕಡೆಯ ಡ್ರೈವಿಂಗ್ ಪರೀಕ್ಷಕರಾಗಿದ್ದವರು. ನನ್ನನ್ನು ಮೂರು ಸಲ ಫೇಲು ಮಾಡಿದ್ದರು. ಮೂರು ಸಲವೂ ಒಂದೇ ಕಾರಣ: ಗಾಡಿ ನಿಲ್ಲಿಸುವಾಗ ಚಕ್ರ ಫುಟ್‌ಪಾತಿನ ಅಂಚಿಗೆ ತಾಗಿತು. ಮೂರನೆಯ ಸಲ ತಾಗಿದ್ದು ನನಗೆ ತಿಳಿಯಲೇ ಇಲ್ಲ. ಅವರಿಗೆ ತಿಳಿದಿತ್ತು.

"ನಿಮ್ಮಪ್ಪ ಇದ್ದಿದ್ರೆ ಒಂದು ನಿಮಿಷದಲ್ಲಿ ಹೇಳಿಬಿಡ್ತಿದ್ದ ದೆನಿತ್ಸಾ."

"ಅಪ್ಪ ಇಲ್ಲ ಮೇಷ್ಟ್ರೇ, ನಾನಿದ್ದೀನಿ. ಏನಾಗಿದೆ ಹೇಳಿ."

"ನಂಗೇನೂ ಆಗಿಲ್ಲ. ಟೈರಿಗಾಗಿದೆ."

ಕಾರಿಗೆ ಮೂವತ್ತೊಂದು ವರ್ಷ. ಪ್ರತಿ ಭಾನುವಾರ ಮೈ ಒರೆಸಿಕೊಳ್ಳುವ ಕಾರು, ಎಲ್ಲೂ ಒಂದು ಚುಕ್ಕೆ ತುಕ್ಕಿಲ್ಲ. ಮುಂದಿನ ಎರಡೂ ಟೈರುಗಳನ್ನು ಸೆಪ್ಟೆಂಬರಿನಲ್ಲಷ್ಟೇ ಹಾಕಿಸಿದ್ದರು. ಎಡಗಡೆಯದು ಹೊಸದರ ಹಾಗೇ ಇತ್ತು. ಬಲಗಡೆಯದರ ಒಳಭಾಗವೂ ಹೊಸದೇ. ಹೊರಗಿನ ಅಂಚು ಮಾತ್ರ ಅಂಗೈಯಷ್ಟು ನುಣ್ಣಗೆ ತೇದುಹೋಗಿತ್ತು.

"ಗಾಡಿ ಬಲಕ್ಕೆ ಎಳೆಯುತ್ತಾ?"

"ಸ್ವಲ್ಪ. ನಾನು ಎಡಕ್ಕೆ ಹಿಡ್ಕೋತೀನಿ. ರಸ್ತೆಗಳೇ ಹಾಗಿವೆ. ಪ್ಲೆವೆನ್ ರಸ್ತೆ ನೋಡಿದ್ದೀಯಲ್ಲ? ಅದು ರಸ್ತೇನಾ?"

ಪ್ಲೆವೆನ್ ರಸ್ತೆ ಇಡೀ ಊರಿಗೂ ಒಂದೇ. ಅದು ಇವರ ಒಂದು ಟೈರಿನ ಒಂದು ಅಂಚನ್ನು ಮಾತ್ರ ಹುಡುಕಿಕೊಂಡು ಬಂದು ತಿನ್ನುವುದು ಹೇಗೆ ಅಂತ ಕೇಳಬಹುದಿತ್ತು. ಕೇಳದೆ ಗಾಳಿ ನೋಡಿದೆ; ಎರಡೂ ಕಡೆ ಸರಿಯಾಗಿತ್ತು. ಜಾಕ್ ಕೊಟ್ಟು ಎತ್ತಿ, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದೆ. ಬೇರಿಂಗು ಗಟ್ಟಿ, ಕೀಲುಗಳೂ ಗಟ್ಟಿ.

"ಮೊದಲಿನವನು ಅಲೈನ್‌ಮೆಂಟ್ ಹಾಳು ಮಾಡಿದ. ಎರಡನೆಯವನು ಟೈರೇ ಕಳಪೆ ಅಂದ," ಅಂದರು ಮೇಷ್ಟ್ರು. ಅವರ ಹೆಂಡತಿ ಜೋರ್ನಿತ್ಸಾ ಅಕ್ಕ ಮೂಲೆಯ ಕುರ್ಚಿಯಲ್ಲಿ ಕೂತು, ಬೇಕರಿಯಿಂದ ತಂದ, ಪದರಗಳೊಳಗೆ ಚೀಸ್ ತುಂಬಿದ ಬಾನಿತ್ಸಾವನ್ನು ಕಾಗದದ ಮೇಲಿಟ್ಟು ತಿನ್ನುತ್ತಿದ್ದರು. "ಇನ್ನು ನಿನ್ನ ಸರದಿ ಕಣಮ್ಮ, ಏನಾದ್ರೂ ಹೊಸದು ಹೇಳು," ಅಂದರು ನನಗೆ.

ಕಾರನ್ನು ಇಳಿಸಿ, ದಾರಕ್ಕೆ ಒಂದು ನಟ್ಟು ಕಟ್ಟಿ ಚಕ್ರದ ಪಕ್ಕ ಇಳಿಬಿಟ್ಟೆ. ಅಪ್ಪನ ಕಾಲದ ಉಪಾಯ. ಎಡಗಡೆ ದಾರಕ್ಕೂ ಚಕ್ರಕ್ಕೂ ಮೇಲೆ ಕೆಳಗೆ ಹೆಚ್ಚುಕಡಿಮೆ ಒಂದೇ ಅಂತರ. ಬಲಗಡೆ ಚಕ್ರದ ತಲೆ ಅರ್ಧ ಬೆರಳಿನಷ್ಟು ಹೊರಗೆ ವಾಲಿತ್ತು. ಕೆಳಗೆ ನುಗ್ಗಿ ನೋಡಿದೆ. ಚಕ್ರವನ್ನು ಬುಡದಲ್ಲಿ ಹಿಡಿದಿಡುವ ಕಬ್ಬಿಣದ ತೋಳು ಒಳಕ್ಕೆ ಬಾಗಿತ್ತು. ಅದು ತಾನಾಗಿ ಬಾಗುವ ವಸ್ತುವಲ್ಲ. ಚಕ್ರದ ಅಂಚನ್ನು ಬಟ್ಟೆಯಿಂದ ಒರೆಸಿದೆ. ಸುತ್ತಲೂ ಸಣ್ಣ ಸಣ್ಣ ಏಟು. ಏಟುಗಳೊಳಗೆ ಹಳದಿ ಬಣ್ಣ.

ನಮ್ಮಲ್ಲಿ ಗಾಡಿ ಓಡಿಸುವುದೂ ನಿಲ್ಲಿಸುವುದೂ ರಸ್ತೆಯ ಬಲಬದಿಯಲ್ಲಿ. ನಮ್ಮೂರಲ್ಲಿ ಫುಟ್‌ಪಾತಿನ ಅಂಚಿಗೆ ಹಳದಿ ಬಳಿದಿರುವುದು ಒಂದೇ ಕಡೆ. ಎರಡು ವರ್ಷದ ಹಿಂದೆ ಮೇಷ್ಟ್ರು ನಗರಸಭೆಗೆ ಏಳು ಅರ್ಜಿ ಬರೆದು, ಜನ ಫುಟ್‌ಪಾತಿನ ಮೇಲೆ ಗಾಡಿ ಹತ್ತಿಸದ ಹಾಗೆ ತಮ್ಮ ಮನೆಯ ಮುಂದಿನ ಅಂಚನ್ನು ಒಂದು ಗೇಣು ಎತ್ತರಿಸಿ ಬಣ್ಣ ಬಳಿಸಿದ್ದರು.

ಚಕ್ರ ಅಂಚಿಗೆ ತಾಗಿತು ಅಂತ ಅವರಿಗೇ ಹೇಳಲು ನಾನು ಇಪ್ಪತ್ತು ವರ್ಷ ಕಾದಿದ್ದೆ ಅಂದರೂ ಸುಳ್ಳಲ್ಲ. ಆದರೆ ಬಾಯಿಗೆ ಬಂದದ್ದು ಬೇರೆ.

"ತೋಳು ಬಾಗಿದೆ ಮೇಷ್ಟ್ರೇ. ಗಾಡಿ ಎಲ್ಲೋ ತಾಗ್ತಾ ಇದೆ."

ಅವರು ಬಗ್ಗಿ ಹಳದಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು. "ಜೋರ್ನಿತ್ಸಾ, ನೀನೇನಾದ್ರೂ ಗಾಡಿ ತೆಗೆದಿದ್ದೆಯಾ?"

ಅಕ್ಕ ಬೆರಳು ಒರೆಸಿಕೊಂಡರು. "ಮದುವೆಯಾದ ವರ್ಷ ಒಂದು ಸಲ ಕೊಟ್ಟಿದ್ರಿ. ಕ್ಲಚ್ ಸವೆಯುತ್ತೆ ಅಂತ ಸೇತುವೆ ಹತ್ರ ಇಳಿಸಿದ್ರಿ. ಆಮೇಲೆ ಇಲ್ಲ." ನನ್ನ ಕಡೆ ತಿರುಗಿ, "ಮೊದಲನೇ ಸಲಕ್ಕೇ ಪಾಸಾದವಳು ನಾನು. ಬೇರೆ ಊರಲ್ಲಿ ಕೊಟ್ಟಿದ್ದೆ ಪರೀಕ್ಷೆ," ಅಂದರು.

ತೋಳು ತರಿಸಿ ಹಾಕಲು ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಮೇಷ್ಟ್ರು ಒಬ್ಬರೇ ಬಂದರು. ಓಡಿಸಿ ನೋಡೋಣ ಅಂದೆ. ಅವರು ಕೀಲಿಯನ್ನು ನನಗೇ ಕೊಟ್ಟು ಪಕ್ಕದಲ್ಲಿ ಕೂತರು. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು, ಎರಡೂ ಕೈ ಸ್ಟೇರಿಂಗಿನ ಮೇಲೆ ಹೋದವು. ನಲವತ್ತೆರಡು ವಯಸ್ಸು, ಸ್ವಂತ ಗ್ಯಾರೇಜು, ಆದರೂ ಹೊರಡುವ ಮುಂಚೆ ಕನ್ನಡಿಯನ್ನು ಎರಡು ಸಲ ನೋಡಿದೆ. ಕಾರು ದಾರ ಹಿಡಿದ ಹಾಗೆ ನೇರ ಹೋಯಿತು.

ನದಿಯ ತಿರುವಿನಲ್ಲಿ ಅವರು, "ಆ ಬೋರ್ಡು ಏನು ಅಂತಿದೆ?" ಅಂದರು. ಬಲಗಡೆ ಆಳೆತ್ತರದ ಬೋರ್ಡು ಇತ್ತು. ಪರೀಕ್ಷೆಯ ಪ್ರಶ್ನೆ ಅಂದುಕೊಂಡು, "ಮುಂದೆ ಕಿರಿದಾದ ಸೇತುವೆ," ಅಂದೆ.

"ಹೌದಾ," ಅಂದರು. ಆ ದನಿಯಲ್ಲಿ ಪರೀಕ್ಷಕ ಇರಲಿಲ್ಲ.

ಗಾಡಿ ಪಕ್ಕಕ್ಕೆ ಹಾಕಿದೆ. ಅವರೇ ಹೇಳಿದರು. "ಬಲಗಣ್ಣಿಗೆ ಎಲ್ಲಾ ಹಾಲು ಚೆಲ್ಲಿದ ಹಾಗೆ ಕಾಣುತ್ತೆ. ಒಂದೂವರೆ ವರ್ಷ ಆಯ್ತು. ಎಷ್ಟು ಮುದುಕರ ಲೈಸೆನ್ಸ್ ಕಿತ್ಕೊಂಡಿದ್ದೀನಿ ಗೊತ್ತಾ? ಒಬ್ಬ ಅತ್ತೂಬಿಟ್ಟ. ಕಾನೂನು ಕಾನೂನೇ ಅಂದಿದ್ದೆ."

"ಅಕ್ಕನಿಗೆ ಗೊತ್ತಾ?"

"ಅವಳಿಗೆ ಗೊತ್ತಾಗದ ಹಾಗೆ ನೋಡ್ಕೊಂಡಿದ್ದೀನಿ."

ಅವರನ್ನು ಮನೆಗೆ ಬಿಟ್ಟೆ. ಅಕ್ಕ ಬಾಗಿಲಲ್ಲೇ ನಿಂತಿದ್ದರು. ನಾನು ಇಳಿಯುವ ಮುಂಚೆಯೇ ಕಿಟಕಿಯೊಳಗೆ ಕೈ ಚಾಚಿ ಕೀಲಿ ತೆಗೆದುಕೊಂಡರು. "ಸೋಮವಾರ ಕಣ್ಣಿನ ಡಾಕ್ಟರ ಹತ್ರ ಟೈಮ್ ತಗೊಂಡಿದ್ದೀನಿ. ನಾನೇ ಓಡಿಸ್ತೀನಿ. ಆರು ತಿಂಗಳಿಂದ ಉಪ್ಪು ಕೊಡಿ ಅಂದ್ರೆ ಸಕ್ಕರೆ ಕೊಡ್ತಾರೆ, ನಂಗೆ ಗೊತ್ತಾಗಲ್ವಾ?"

ಪೊರೆ ತೆಗೆದದ್ದು ಮೇ ತಿಂಗಳಲ್ಲಿ. ಈಗ ಮೇಷ್ಟ್ರಿಗೆ ಬೀದಿಯ ಆಚೆ ಬದಿಯ ನಾಯಿಯ ಕೊರಳಪಟ್ಟಿಯೂ ಕಾಣುತ್ತದೆ. ಕೀಲಿ ಮಾತ್ರ ಅಕ್ಕನ ಚೀಲದಲ್ಲೇ ಉಳಿದಿದೆ. ವಾರಕ್ಕೆರಡು ಸಲ ಅಕ್ಕ ಗಾಡಿ ತೆಗೆದು ತಮ್ಮ ತಂಗಿಯ ಊರಿಗೆ ಹೋಗಿ ಬರುತ್ತಾರೆ. ಮೇಷ್ಟ್ರು ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಾರಂತೆ, ಇನ್ನೂ ಒಂದೂ ಸಿಕ್ಕಿಲ್ಲವಂತೆ. ಅದೇ ಅವರಿಗೆ ದೊಡ್ಡ ಕೊರಗು ಅಂತ ಅಕ್ಕ ಗಾಳಿ ಹಾಕಿಸಲು ಬಂದಾಗ ಹೇಳಿದರು.