ಇಕ್ಕಳದ ಆಚೆ

ಅಕ್ಕ ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟು ದೂರ ನಿಂತಳು. "ಮೂರನೇ ಸಲ ಬಂದಿದೀನಿ ನೋಡು. ಪೆಟ್ರೋಲ್ ವಾಸನೆ ಹಾಗೇ ಇದೆ."

ಗ್ಯಾರೇಜಿನ ಮೇಸ್ತ್ರಿ, ಅವಳ ತಮ್ಮ, ಹಿಂದಿನ ಸೀಟಿನತ್ತ ತಲೆ ತೂರಿಸಿ ಜೋರಾಗಿ ಉಸಿರೆಳೆದ. ಬಿಸಿಗಾಳಿ, ಅಷ್ಟೇ. "ಎಲ್ಲಿದೆ ವಾಸನೆ?"

"ನನ್ನನ್ನ ಕೇಳ್ತೀಯಲ್ಲ, ಗ್ಯಾರೇಜು ನಿಂದಾ ನಂದಾ?"

ಅವಳು ಆ ಕಾರಿನಲ್ಲಿ ಬಡಾವಣೆಯ ಮಕ್ಕಳನ್ನು ಶಾಲೆಗೆ ಬಿಟ್ಟುಬರುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದುದು ಅದರಿಂದಲೇ. ಹೋದ ವಾರ ಒಂದು ಮಗು ಕಾರಿನಲ್ಲೇ ವಾಂತಿ ಮಾಡಿಕೊಂಡಿತ್ತು. ಸೋಮವಾರದೊಳಗೆ ಸರಿಯಾಗದಿದ್ದರೆ ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಎಂದು ತಾಯಂದಿರು ಹೇಳಿಬಿಟ್ಟಿದ್ದರು.

ಮೇಸ್ತ್ರಿಗೆ ತಲೆ ಕೆಟ್ಟುಹೋಗಿತ್ತು. ಟ್ಯಾಂಕಿಗೆ ಹೊಸ ಮುಚ್ಚಳ ಹಾಕಿದ್ದ. ಸೀಟು ಎತ್ತಿ ಪಂಪಿನ ರಬ್ಬರ್ ಬದಲಿಸಿದ್ದ. ಯಂತ್ರದಿಂದ ಟ್ಯಾಂಕಿಗೆ ಹೊಗೆ ತುಂಬಿಸಿಯೂ ನೋಡಿದ್ದ. ಸೋರುವ ಕಡೆ ಹೊಗೆ ಹೊರಬರಬೇಕು, ಒಂದೆಳೆಯೂ ಬಂದಿರಲಿಲ್ಲ. ಹೊಗೆ ಇಲ್ಲ ಅನ್ನುತ್ತದೆ, ಅಕ್ಕ ಇದೆ ಅನ್ನುತ್ತಾಳೆ. ಯಾರನ್ನು ನಂಬುವುದು? ತನ್ನ ಮೂಗನ್ನಂತೂ ನಂಬುವ ಹಾಗಿರಲಿಲ್ಲ. ಜ್ವರ ಬಂದುಹೋದಾಗಿನಿಂದ ಅದು ಸತ್ತಂತಿತ್ತು. ವಾಸನೆ ಇಂದು ತಿರುಗಿ ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತ ಯಾರಿಗೂ ಹೇಳಿರಲಿಲ್ಲ. ಬಂದಿದೆಯೋ ಇಲ್ಲವೋ ಎಂಬುದೇ ಕೆಲವೊಮ್ಮೆ ತಿಳಿಯುತ್ತಿರಲಿಲ್ಲ. ಸೋಪು ನೋಡಿದರೆ ಸೋಪಿನ ವಾಸನೆ ಬಂದ ಹಾಗಾಗುತ್ತಿತ್ತು. ಕಣ್ಣು ಮುಚ್ಚಿದರೆ ಹೋಗುತ್ತಿತ್ತು.

"ನಿನ್ನ ತಲೇಲಿ ಕೂತುಬಿಟ್ಟಿದೆ ಅಕ್ಕ, ಅಷ್ಟೇ."

"ಆ ಮಗು ತಲೇಲೂ ಕೂತಿದೆಯಾ?"

"ಹಾಗಾದ್ರೆ ಬೇರೆ ಗ್ಯಾರೇಜಿಗೆ ಹೋಗು." ಸ್ಪ್ಯಾನರನ್ನು ಮೇಜಿನ ಮೇಲೆ ಎಸೆದ.

ಅಕ್ಕ ಅವನ ಮುಖವನ್ನೇ ನೋಡಿದಳು. ಸಿಟ್ಟು ಅವನಿಗೆ ಹೊಸದಲ್ಲ, ಆದರೆ ಈ ಸಿಟ್ಟು ಬೇರೆ ತರಹ ಇತ್ತು. "ಕಣ್ಣು ಮುಚ್ಚು," ಎಂದಳು.

"ಇದೇನು ಮಕ್ಕಳಾಟ?"

"ಮುಚ್ಚೋ."

ಅವಳು ಮೂಗಿನ ಹತ್ತಿರ ಏನನ್ನೋ ಹಿಡಿದಳು, ತೆಗೆದಳು, ಮತ್ತೆ ಹಿಡಿದಳು. "ಎರಡು ಬಟ್ಟೇಲಿ ಪೆಟ್ರೋಲ್ ಯಾವುದಕ್ಕಿದೆ?"

ಅವನು "ಎರಡನೇದು," ಎಂದ.

ಕಣ್ಣು ತೆರೆದರೆ ಅವಳ ಕೈಯಲ್ಲಿದ್ದುದು ಒಂದೇ ಬಟ್ಟೆ. ಪೆಟ್ರೋಲಿನಲ್ಲಿ ತೊಯ್ದು ತೊಟ್ಟಿಕ್ಕುತ್ತಿತ್ತು.

"ಯಾವಾಗಿಂದ?"

"ಜ್ವರದಿಂದ."

"ಹೆಂಡತಿಗೆ ಗೊತ್ತಾ?"

"ಇಲ್ಲ."

"ಸೀದುಹೋದದ್ದನ್ನೂ ಚೆನ್ನಾಗಿದೆ ಅಂತ ತಿಂತಿರ್ತೀಯ. ಪಾಪ, ತನ್ನ ಕೈರುಚಿ ಅಂದ್ಕೊಂಡಿರ್ತಾಳೆ." ಅವಳು ನಗಲಿಲ್ಲ. "ಗಾಡಿ ಮೇಲೆತ್ತು."

ಕಾರು ಮೇಲೇರಿತು. ಅಕ್ಕ ಅದರಡಿ ಕತ್ತು ಚಾಚಿ ಟ್ಯಾಂಕಿನ ಒಂದು ಬದಿಯಿಂದ ಮೂಸುತ್ತ ಹೊರಟಳು. ಹಿಂದಿನ ಚಕ್ರದ ಹತ್ತಿರ ನಿಂತಳು. "ಇಲ್ಲಿ."

"ಅಲ್ಲಿರೋಕೆ ಸಾಧ್ಯ ಇಲ್ಲ. ಹೊಗೆ ಬಿಟ್ಟು..." ಎನ್ನುತ್ತಲೇ ಅವನ ಮಾತು ನಿಂತಿತು.

ಟ್ಯಾಂಕಿನ ಆವಿಯನ್ನು, ಅದನ್ನು ಹೀರಿಕೊಳ್ಳುವ ಇದ್ದಿಲು ತುಂಬಿದ ಡಬ್ಬಿಗೆ ಒಯ್ಯುವ ರಬ್ಬರ್ ಪೈಪು ಅದು. ಹೊಗೆ ಬಿಡುವಾಗ ಡಬ್ಬಿಯ ಆಚೆ ಬಾಯಿ ಮುಚ್ಚಬೇಕು, ಇಲ್ಲದಿದ್ದರೆ ಹೊಗೆ ಅಲ್ಲಿಂದಲೇ ಹೋಗಿಬಿಡುತ್ತದೆ. ಆ ಬಾಯಿ ಸಿಗಬೇಕಾದರೆ ಅದಕ್ಕೆ ಅಡ್ಡವಾಗಿರುವ ತಗಡು ಬಿಚ್ಚಬೇಕು. ಅವನಿಗೆ ಕೆಲಸ ಕಲಿಸಿದವನು ತಗಡು ಬಿಚ್ಚುತ್ತಿರಲಿಲ್ಲ. ಪೈಪಿಗೇ ಬಟ್ಟೆ ಸುತ್ತಿ ಇಕ್ಕಳದಿಂದ ಹಿಸುಕಿಬಿಡುತ್ತಿದ್ದ. ಮೇಸ್ತ್ರಿಯೂ ಪ್ರತಿ ಸಲ ಹಾಗೇ ಮಾಡಿದ್ದ. ಪೈಪಿನ ಮೇಲೆ ಇಕ್ಕಳದ ಗುರುತು ಕಾಣುತ್ತಿತ್ತು. ಅಕ್ಕನ ಬೆರಳಿದ್ದುದು ಅದರಿಂದ ಗೇಣು ಆಚೆ. ಹೊಗೆ ಅಲ್ಲಿಯವರೆಗೆ ಹೋಗಿಯೇ ಇರಲಿಲ್ಲ.

ಮೊದಲಾಗಿದ್ದರೆ ಹೊಗೆಗೆ ಸಿಗದೆ ತಪ್ಪಿಸಿಕೊಂಡದ್ದನ್ನು ಮೂಗು ಹಿಡಿಯುತ್ತಿತ್ತು. ಈಚೆಗೆ ಏನೂ ಇಲ್ಲವೆಂದು ಹೇಳಿ ಕಳಿಸಿದ ಕಾರುಗಳು ಅವನ ತಲೆಯಲ್ಲಿ ಒಂದೊಂದಾಗಿ ಹಾದುಹೋದವು.

ತಗಡು ಬಿಚ್ಚಿ, ಆಚೆ ಬಾಯಿ ಮುಚ್ಚಿ, ಹೊಗೆ ಬಿಟ್ಟ. ಅಕ್ಕ ತೋರಿಸಿದ ಕಡೆಯಿಂದಲೇ ಬಿಳಿಯ ಎಳೆ ಹೊರಟಿತು.

ಪೈಪು ಬದಲಿಸಿ, ಒಳಗೆಲ್ಲ ಗಾಳಿಯಾಡಲು ಬಿಟ್ಟು, ಮತ್ತೆ ಹೊಗೆ ಹಾಯಿಸಿದ. ಎಲ್ಲೂ ಬರಲಿಲ್ಲ. ಆದರೂ ಸರಿಯಾಯಿತು ಎನ್ನಲು ಅವನಿಗೆ ಬಾಯಿ ಬರಲಿಲ್ಲ. "ನೀನೇ ಕೂತು ನೋಡು ಅಕ್ಕ," ಎಂದ.

ಅವಳು ಗಾಜು ಏರಿಸಿ, ಸ್ಟಿಯರಿಂಗ್ ಹಿಡಿದು ಕುಳಿತಳು. ಅವನು ಹೊರಗೆ ನಿಂತು ಗಾಜಿನೊಳಗಿನ ಮುಖ ನೋಡಿದ. ಹೊಳ್ಳೆಗಳು ಅರಳಿದವು, ಮುಚ್ಚಿದವು, ಮತ್ತೆ ಅರಳಿದವು. ಎಷ್ಟೋ ಹೊತ್ತಿನ ಮೇಲೆ ಅವಳ ಕೈಗಳು ಸ್ಟಿಯರಿಂಗಿನಿಂದ ಜಾರಿ ಮಡಿಲಿಗೆ ಬಿದ್ದವು. ತಲೆ ಹಿಂದಕ್ಕೆ ಒರಗಿಸಿ ಅವನತ್ತ ನೋಡಿ ನಕ್ಕಳು. ಹೊರಗೆ ನಿಂತವನು ಒಮ್ಮೆ ಆಳವಾಗಿ ಉಸಿರೆಳೆದುಕೊಂಡ.