ಸಂಕಲ್ಪದ ಪುಸ್ತಕದ ಇಂದುಧರ

ಹೊಸಬರು ಯಾರೇ ಎದುರಾಗಲಿ, ಇಂದುಧರ ಅವರ ಊರನ್ನಾಗಲಿ ಉದ್ಯೋಗವನ್ನಾಗಲಿ ಕೇಳುತ್ತಿರಲಿಲ್ಲ, ಕತ್ತನ್ನು ತುಸು ವಾಲಿಸಿ, "ನಕ್ಷತ್ರ ಯಾವುದ್ರಿ?" ಎನ್ನುತ್ತಿದ್ದರು. ವಿಶಾಖಪಟ್ಟಣದ ಬಂದರಿನ ಬಳಿಯ ನಮ್ಮ ಬ್ಯಾಂಕಿಗೆ ನಾನು ವರ್ಗವಾಗಿ ಬಂದ ಮೊದಲ ದಿನವೇ, ಕಸ್ಟಮ್ಸ್ ಏಜೆಂಟರ ನೂಕುನುಗ್ಗಲಿನ ನಡುವೆ, ಮೇಲಧಿಕಾರಿಯಾದ ಈ ದಾವಣಗೆರೆಯ ಮನುಷ್ಯ ಹಾಗೆ ಕೇಳಿದಾಗ ನಾನು ತಬ್ಬಿಬ್ಬಾಗಿ ಹಸ್ತ ಎಂದೆ. ಸೋಮವಾರ ಸಂಜೆ ನೋಡಿದರೆ, ಅವರ ಮನೆಯ ರುದ್ರಪಾರಾಯಣಕ್ಕೆ ಮುನ್ನ, ಯಾರ ಯಾರ ಒಳಿತಿಗಾಗಿ ಈ ಪೂಜೆ ಎಂದು ದೇವರಿಗೆ ಅರಿಕೆ ಮಾಡುವ ಸಂಕಲ್ಪದಲ್ಲಿ ನನ್ನ ಹೆಸರೂ ಸೇರಿಹೋಗಿತ್ತು. ಊರು ಬಿಟ್ಟು ಬಂದವನಿಗೆ ಅದೆಷ್ಟು ಸಮಾಧಾನ ಕೊಟ್ಟಿತೆಂದರೆ, ಸುಳ್ಳೇಕೆ, ಮುಂದಿನ ಸೋಮವಾರ ಕರೆಯದೆಯೇ ಹೋಗಿ ಕೂತೆ.

ನಿವೃತ್ತರಾಗಿ ವಿಜಯವಾಡದ ಪಟಮಟದಲ್ಲಿ ನೆಲೆಸಿದ ಮೇಲೂ ಅವರ ವೇಷ ಬದಲಾಗಲಿಲ್ಲ. ಮೇ ತಿಂಗಳ ಆ ಸುಡುಬಿಸಿಲಿನಲ್ಲೂ ಬ್ಯಾಂಕಿನ ಕಾಲದ ಬೂದುಬಣ್ಣದ ಕೋಟು, ಬಸ್ಸು ತಪ್ಪೀತೆಂಬಂತೆ ಮುನ್ನುಗ್ಗುವ ನಡಿಗೆ, ಯಾರು ಏನೇ ಹೇಳಿದರೂ ಮೊದಲು "ನಿಜ, ನಿಜ" ಎಂದು ಒಪ್ಪಿಕೊಂಡು ಆಮೇಲೆ ತಮ್ಮದೇ ಹಟ ಸಾಧಿಸುವ ಕ್ರಮ. ಮೂವತ್ತು ವರ್ಷದ ತೆಲುಗು ಸಹವಾಸದಿಂದ ಕನ್ನಡದ ರಿ-ಗೆ ತೆಲುಗಿನ ಅಂಡಿಯನ್ನೂ ಸೇರಿಸಿ "ಬರ್ರಿ ಅಂಡಿ" ಎಂದು ಎರಡೆರಡು ಮರ್ಯಾದೆ ಕೊಡುತ್ತಿದ್ದರು. ಅಲ್ಲಿಯೂ ಕನ್ನಡದ ಬ್ಯಾಂಕಿನವರನ್ನೂ ನೆರೆಯ ತೆಲುಗರನ್ನೂ ಕೂಡಿಸಿ ಪಾರಾಯಣ ಮಂಡಳಿ ಕಟ್ಟಿದರು. ಎಲ್ಲರ ನಕ್ಷತ್ರ, ಹೆಸರು, ಫೋನ್ ನಂಬರು ಒಂದು ದಪ್ಪ ಪುಸ್ತಕದಲ್ಲಿ. ವರ್ಗವಾಗಿ ಹೋದವರ ಹೆಸರನ್ನೂ ಅವರು ತೆಗೆಯರು. ಮುನ್ನೂರ ಹನ್ನೆರಡು ಹೆಸರುಗಳ ಆ ಸಂಕಲ್ಪ ಮುಗಿಯುವಷ್ಟರಲ್ಲಿ ಅವರ ಮಡದಿ ರಾಜಮ್ಮ ಒಳಗೆ ಅವಲಕ್ಕಿಗೆ ಒಗ್ಗರಣೆ ಹಾಕಿ ಬಂದು ಕೂರುತ್ತಿದ್ದರು.

ಅವರಿಗೆ ಇನ್ನೊಂದು ಭಕ್ತಿಯೂ ಇತ್ತು: ಪಕ್ಷ. ದೇವರ ಹೆಸರು ಹೇಳಿ ಮತ ಕೇಳುವ ಪಕ್ಷವೆಂದರೆ ಅವರ ಪಾಲಿಗೆ ದೇವಸ್ಥಾನದ ಜಗುಲಿ. ಮೂರು ವರ್ಷದ ಹಿಂದೆ ಸದಸ್ಯತ್ವ ಅಭಿಯಾನದಲ್ಲಿ ನಗರ ಘಟಕದ ಮುಖಂಡ ಬಾಬ್ಜಿ "ಹೆಸರು ಕೊಡಿ ಗುರುಗಾರೂ" ಎಂದು ದುಂಬಾಲು ಬಿದ್ದಾಗ ಈ ಮಹಾಶಯರು, ಯಾರನ್ನೂ ಒಂದು ಮಾತು ಕೇಳದೆ, ನಕಲು ಮಾಡಿಕೊಳ್ಳಿರೆಂದು ಸಂಕಲ್ಪದ ಪುಸ್ತಕವನ್ನೇ ಕೊಟ್ಟುಬಿಟ್ಟರು! ಶಿವನಿಗೆ ಒಪ್ಪಿಸಿದ ಹೆಸರುಗಳನ್ನು ಶಿವನ ಕಡೆಯವರಿಗೆ ಕೊಟ್ಟರೆ ತಪ್ಪೇನು ಎಂಬುದು ಅವರ ತರ್ಕ. ಹೆಸರುಗಳೆಲ್ಲ ಪಕ್ಷದ ಸದಸ್ಯರ ಪಟ್ಟಿ ಸೇರಿದವು, ಮರುತಿಂಗಳು ಅವರು ಪಕ್ಷದ ವಾರ್ಡ್ ಉಪಾಧ್ಯಕ್ಷರಾದರು. ಕಾರಣ ಮಂಡಳಿಯಲ್ಲಿ ಯಾರಿಗೂ ತಿಳಿಯಲಿಲ್ಲ.

ಈ ವರ್ಷ ನಗರಪಾಲಿಕೆಯ ಚುನಾವಣೆ ಬಂತು. ಶಿವಾಲಯದ ಪಕ್ಕದ ಪಾಳುಬಿದ್ದ ಪುಷ್ಕರಣಿಯನ್ನು ಕಾರ್ತಿಕದ ದೀಪಗಳಿಗಾಗಿ ಶುಚಿಮಾಡಿಸಿ ಕೊಡುತ್ತೇವೆಂದು ಹಿಂದೆ ಕೈಮುಗಿದು ಮಾತುಕೊಟ್ಟಿದ್ದ ಪಕ್ಷ, ಈಗ ಅದನ್ನು ಮುಚ್ಚಿ ಅಂಗಡಿಸಾಲು ಕಟ್ಟಲು ಹೊರಟವನಿಗೇ ಟಿಕೆಟ್ ಕೊಟ್ಟಿತು. ಮಂಡಳಿಯವರು ಸಿಡಿದೆದ್ದು, ಈ ಸಲ ಮತವಿಲ್ಲ ಎಂದು ನಿರ್ಣಯಿಸಿದರು. ಇಂದುಧರ ಅಲ್ಲಿ "ನಿಜ, ನಿಜ" ಎಂದರು. ಪಕ್ಷದ ಸಭೆಯಲ್ಲಿ ಶಿಸ್ತಿನ ಉಪದೇಶ ಕೇಳಿ ಅಲ್ಲಿಯೂ "ನಿಜ, ನಿಜ" ಎಂದರು. ಎರಡು ಕಡೆಯೂ ಅವರು ಮನಸಾರೆ ಹೇಳಿದ್ದರೆಂದೇ ನನ್ನ ನಂಬಿಕೆ, ಗೊಂದಲವೂ ಅದೇ.

ಅಷ್ಟರಲ್ಲಿ ಪಟಮಟದ ಮನೆಮನೆಗೂ ಕರಪತ್ರ ಬಂತು: ರುದ್ರ ಮಂಡಳಿಯ ಮುನ್ನೂರ ಹನ್ನೆರಡು ಸದಸ್ಯರು ಅಭ್ಯರ್ಥಿಯ ಬೆನ್ನಿಗಿದ್ದಾರೆ! ಕೆಳಗೆ ಅಷ್ಟೂ ಹೆಸರು. ತೆಲುಗರಲ್ಲಿ ಹೆಸರಿಗೆ ಮೊದಲು ಮನೆತನದ ಹೆಸರು ಇರಲೇಬೇಕಲ್ಲ. ಪಕ್ಷದ ಕಚೇರಿಯವರು ಪುಸ್ತಕದ ನಕ್ಷತ್ರಗಳನ್ನೇ ಮನೆತನಗಳೆಂದು ತಿಳಿದು, ಆಶ್ಲೇಷಾ ಪದ್ಮಾ, ಮೂಲಾ ಗೋಪಾಲಕೃಷ್ಣ ಎಂದು ಅಚ್ಚುಹಾಕಿಸಿದ್ದರು. ಹೆಸರುಗಳು ಎಲ್ಲಿಂದ ಹೋದವೆಂದು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ವಿಶಾಖಪಟ್ಟಣದಲ್ಲಿದ್ದ ನಾನೂ ಅದರಲ್ಲಿದ್ದೆ: ಹಸ್ತಾ ಶ್ರೀಕಂಠ. ಕರಪತ್ರ ಹೇಗೋ ಬ್ಯಾಂಕಿನವರ ಕೈಗೂ ಸೇರಿ, ನೌಕರಿಯಲ್ಲಿದ್ದುಕೊಂಡು ಪಕ್ಷ ಸೇರಿದ್ದೇಕೆಂದು ವಿವರಣೆ ಕೇಳಿದರು. ಮೈಯೆಲ್ಲ ಉರಿದು, ಹೆಸರು ತೆಗೆಸಿಯೇ ತೀರಬೇಕೆಂದು ಸೋಮವಾರ ಬೆಳಗಿನ ರೈಲು ಹತ್ತಿದೆ.

ಮನೆಯ ಬಾಗಿಲಲ್ಲಿ ನನ್ನನ್ನು ಕಂಡದ್ದೇ ಇಂದುಧರ, "ಬೈಯೋದಾದ್ರೆ ದಾರೀಲಿ ಬೈರಿ, ಮೊದ್ಲು ಪಾರ್ಟಿ ಆಫೀಸಿಗೆ ಹೋಗೋಣ" ಎಂದು ಹೊರಟೇಬಿಟ್ಟರು.

ಬಾಬ್ಜಿ ಚಹಾ ತರಿಸಿದ. ಹೆಸರು ತೆಗೆಯುವ ಮಾತಿಗೆ ನಕ್ಕ.

"ಸೇರಿಸೋದು ನನ್ನ ಕೈಲಿದೆ ಗುರುಗಾರೂ, ತೆಗೆಯೋದು ಮೇಲಿನೋರ ಕೈಲಿ. ಅಷ್ಟಕ್ಕೂ ಭಕ್ತರು ನಮ್ಮನ್ನ ಬಿಟ್ಟು ಎಲ್ಲಿಗೆ ಹೋಗ್ತಾರೆ?"

"ನಿಜ, ನಿಜ. ಆದ್ರೂ ಪುಷ್ಕರಣಿ ದೇವ್ರದಲ್ವೇನ್ರಿ?"

"ದೇವ್ರದು ಅಂತ ಹೇಳಿಕೊಟ್ಟೋರೇ ನಾವಲ್ವಾ ಅಂಡಿ?"

ಇಂದುಧರ ಆ ಚಹಾ ಮುಟ್ಟಲಿಲ್ಲ, ಹೆಸರು ತೆಗೆಯಿರೆಂದು ಅರ್ಜಿ ಬರೆದಿಟ್ಟು ಎದ್ದರು.

ಸಂಜೆ ಮಂಡಳಿ ಕೂಡಿತು. ಮೊದಲು ಎದ್ದವರು ಪದ್ಮಾ, ತುಮಕೂರಿನಿಂದ ಬಂದ ಬ್ಯಾಂಕ್ ಗುಮಾಸ್ತರ ಹೆಂಡತಿ.

"ಅಣ್ಣಾವ್ರೇ, ನಮ್ಮನೆ ನಾಲ್ಕು ಹೆಸರು ಹೊಡೆದುಹಾಕಿ."

"ಪಾರ್ಟಿ ಪಟ್ಟಿಯಿಂದ ತಾನೇನಮ್ಮಾ? ಅರ್ಜಿ ಕೊಟ್ಟು ಬಂದೀನಿ."

"ಅಲ್ಲ. ಈ ಪುಸ್ತಕದಿಂದ."

"ಇದು ಶಿವನ ಮುಂದಿನ ಪುಸ್ತಕ ಕಣಮ್ಮಾ!"

"ಎರಡನ್ನೂ ಒಂದು ಮಾಡಿದ್ದು ನೀವು. ಬೇರೆ ಮಾಡೋದು ನನಗೆಲ್ಲಿ ಬರುತ್ತೆ?"

ಇಂದುಧರ ಪೆನ್ನು ತೆಗೆದರು. ಒಬ್ಬೊಬ್ಬರಾಗಿ ಬಂದು ನಿಂತರು, ವರ್ಗವಾಗಿ ಹೋದವರನ್ನೂ ಫೋನಿನಲ್ಲಿ ಕೇಳಿ ಅವರ ಹೆಸರನ್ನೂ ಹೊಡೆಸಿದರು. ಗೋಪಾಲಕೃಷ್ಣಗಾರು ತಮ್ಮ ಹೆಸರಿನ ಮೇಲೆ ತಾವೇ ಗೆರೆ ಎಳೆದು ಕೈಮುಗಿದು ಹೋದರು. ಕೊನೆಗೆ ರಾಜಮ್ಮ, ಒಳಗಿನಿಂದ ಬಂದವರು, "ನಂದೂ ಹೊಡೀರಿ" ಎಂದರು.

"ಏನಂತೀಯೇ? ಧರ್ಮಪತ್ನೀ ಸಮೇತ ಅನ್ನದೆ ಸಂಕಲ್ಪ ಹೆಂಗೆ ಮಾಡ್ಲಿ?"

"ನನ್ನ ಕೇಳಿ ಕೊಟ್ಟಿದ್ರಾ ಹೆಸರ್ನ? ಇವತ್ತು ಅನ್ನಬ್ಯಾಡ್ರಿ."

ಆ ಹೆಸರಿನ ಮೇಲೂ ಅವರು ಗೆರೆ ಎಳೆದರು. ಆಮೇಲೆ ನನ್ನತ್ತ ನೋಡಿ, "ನಿಮ್ದೂ?" ಎಂದರು. ಅದಕ್ಕಾಗಿಯೇ ರೈಲು ಹತ್ತಿ ಬಂದವನು ನಾನು. ಪುಸ್ತಕವನ್ನು ಅವರತ್ತಲೇ ಹಿಂದಕ್ಕೆ ಸರಿಸಿ ಚಾಪೆಯ ಮೇಲೆ ಕೂತೆ. ಅರ್ಧ ನಿಮಿಷದಲ್ಲಿ ಸಂಕಲ್ಪ ಮುಗಿಯಿತು. ಅದರಲ್ಲಿ ಅವರ ಹೆಸರಿತ್ತು, ನನ್ನದಿತ್ತು.

ಇಂಥವರು ಯಾರಿಗೂ ದ್ರೋಹ ಬಗೆಯುವುದಿಲ್ಲ, ಯಾರಿಂದಲೂ ಏನನ್ನೂ ಕಿತ್ತುಕೊಳ್ಳುವುದಿಲ್ಲ. ನಮ್ಮನ್ನು ಕೇಳದೆಯೇ ನಮ್ಮ ಒಳಿತನ್ನು ಬೇಡುತ್ತಾರೆ. ಹಾಗೆ ಬೇಡಿ ಬೇಡಿ ನಾವು ಅವರಿಗೆ ಎಷ್ಟು ಸ್ವಂತವಾಗಿಬಿಡುತ್ತೇವೆಂದರೆ, ಒಂದು ದಿನ ನಮ್ಮನ್ನು ಕೇಳದೆಯೇ ಇನ್ನೊಬ್ಬರಿಗೆ ಒಪ್ಪಿಸಿಯೂ ಬಿಡುತ್ತಾರೆ. ಮೊದಲನೆಯದಕ್ಕೆ ಕರೆಯದೆಯೇ ಹೋಗಿ ಕೂತ ನಾನು ಎರಡನೆಯದಕ್ಕೆ ಮಾತ್ರ ಯಾವ ಬಾಯಲ್ಲಿ ಸಿಟ್ಟಾಗಲಿ? ಬ್ಯಾಂಕಿಗೆ ಕೊಡಬೇಕಾದ ವಿವರಣೆಯನ್ನು ನಾನಿನ್ನೂ ಬರೆದಿಲ್ಲ.